ಬಿಸಿಯೇ ಆಗದ ಎಂಜಿನ್: ಮೂರ್ನಾಡಿನ ಒಂದು ಕಾರಿನ ಪ್ರಕರಣ

ಕಾರು 2018ರ ಮಾದರಿ. 1.2 ಲೀಟರ್ ಪೆಟ್ರೋಲ್ ಎಂಜಿನ್, ಬಿಎಸ್ 4. ಓಡಿದ್ದು 70 ಸಾವಿರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮಾಲೀಕರು ಕೊಡಗಿನ ಮೂರ್ನಾಡಿನ ಹತ್ತಿರ ಇರುವ ನಿವೃತ್ತ ಮೇಷ್ಟ್ರು. ಸಣ್ಣದೊಂದು ಕಾಫಿ ತೋಟ ಇದೆ. ಮಗಳ ಮನೆ ಪುತ್ತೂರಿನಲ್ಲಿ. ಹಾಗಾಗಿ ಕಾರಿಗೆ ಎರಡೇ ಕೆಲಸ. ದಿನಾ ತೋಟ, ಪೇಟೆ, ಬ್ಯಾಂಕು ಅಂತ ನಾಲ್ಕೈದು ಕಿಲೋಮೀಟರ್ ಓಡಾಟ. ಆಗಾಗ ಸಂಪಾಜೆ ಘಾಟಿ ಇಳಿದು ಹತ್ತುವುದು. ಈ ಎರಡೂ ಅಭ್ಯಾಸ ಈ ಪ್ರಕರಣದಲ್ಲಿ ಮುಖ್ಯ.

2025ರ ಮಳೆಗಾಲದಲ್ಲಿ ತೊಂದರೆಗಳು ಒಂದೊಂದಾಗಿ ಶುರುವಾದವು. ಮೊದಲು ಹಳದಿ ಚೆಕ್ ಎಂಜಿನ್ ಲೈಟ್ ಹತ್ತಿತು. ಆಮೇಲೆ ಮೈಲೇಜ್ ಬಿತ್ತು. ಲೀಟರಿಗೆ 17 ಕೊಡುತ್ತಿದ್ದ ಕಾರು 11ಕ್ಕೆ ಇಳಿಯಿತು. ಗೇಟ್ ತೆಗೆಯಲು ಕಾರು ನಿಲ್ಲಿಸಿದರೆ ಎಂಜಿನ್ ಸುಮ್ನೆ ಜೋರಾಗಿ ತಿರುಗುತ್ತಿತ್ತು. ಹಿಂದೆ ನಿಂತರೆ ಪೆಟ್ರೋಲ್ ವಾಸನೆ, ಕಣ್ಣು ಉರಿ. ಕೊನೆಗೆ ಮಡಿಕೇರಿಯಲ್ಲಿ ಎಮಿಷನ್ ಟೆಸ್ಟ್ ಮಾಡಿಸಿದಾಗ ಕಾರು ಫೇಲಾಯಿತು. ಬಿಎಸ್ 4 ಪೆಟ್ರೋಲ್ ಕಾರಿಗೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3 ದಾಟಬಾರದು, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಈ ಕಾರಿನದು ಶೇ 1.4 ಮತ್ತು 400ರ ಮೇಲೆ.

ಮಡಿಕೇರಿಯ ನಮ್ಮ ಗ್ಯಾರೇಜಿಗೆ ಬರುವ ಮೊದಲು ಕಾರು ಮೂರು ಕಡೆ ಹೋಗಿ ಬಂದಿತ್ತು. ಮೊದಲನೆಯವರು ಕಂಪ್ಯೂಟರ್ ಹಾಕಿ ನೋಡಿದರು. ಪಿ 0128 ಎಂಬ ಕೋಡ್ ಬಂತು. ಎಂಜಿನ್ ನೀರು ಇಷ್ಟು ಹೊತ್ತಿಗೆ ಇಷ್ಟು ಬಿಸಿ ಆಗಬೇಕಿತ್ತು, ಆಗಿಲ್ಲ ಅಂತ ಅದರ ಅರ್ಥ. ನೀರಿನ ಬಿಸಿ ಅಳೆಯುವ ಸೆನ್ಸರ್ ಹೋಗಿದೆ ಅಂತ ಅದನ್ನು ಬದಲಾಯಿಸಿ ಕೋಡ್ ಅಳಿಸಿದರು. ಒಂದು ವಾರದಲ್ಲಿ ಲೈಟ್ ಮತ್ತೆ ಬಂತು. ಎರಡನೆಯವರು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಕಪ್ಪು ಮಸಿ. ಆಕ್ಸಿಜನ್ ಸೆನ್ಸರ್ ಕೂಡ ಮಸಿ. ಪ್ಲಗ್, ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ಎಲ್ಲ ಹೊಸದು ಹಾಕಿದರು. ಬಿಲ್ ದೊಡ್ಡದಾಯಿತು, ಕಾರು ಹಾಗೇ ಇತ್ತು. ಮೂರನೆಯವರು ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಬೆಣ್ಣೆಯ ಬಣ್ಣದ ಲೋಳೆ. ಆಯಿಲ್‌ಗೆ ನೀರು ಸೇರುತ್ತಿದೆ, ನೀರು, ಆಯಿಲ್ ಒಂದಕ್ಕೊಂದು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಮೇಷ್ಟ್ರು ಅಲ್ಲಿಂದ ಕಾರು ತಿರುಗಿಸಿಕೊಂಡು ಬಂದರು.

"ಅಲ್ಲಪ್ಪಾ, ಮೂರು ಕಡೆ ಕಂಪ್ಯೂಟರ್ ಹಾಕಿ ನೋಡಿಯೂ ಗೊತ್ತಾಗದಿದ್ದರೆ ಆ ಕಂಪ್ಯೂಟರ್ ಯಾತಕ್ಕೆ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕಾದರೆ ಕಾರಿನೊಳಗಿನ ಕಂಪ್ಯೂಟರಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಅನ್ನೋದನ್ನು ನೋಡಬೇಕು.

ಇಸಿಎಂ ಲೆಕ್ಕ ಹಾಕುವ ಬಗೆ

ಕಾರಿನೊಳಗಿನ ಆ ಕಂಪ್ಯೂಟರಿಗೆ ನಮ್ಮ ಕಡೆ ಎಲ್ಲರೂ ಇಸಿಎಂ ಅನ್ನುತ್ತಾರೆ. ಅಲ್ಯೂಮಿನಿಯಂ ಹೊದಿಕೆಯ ಒಂದು ಡಬ್ಬಿ. ಅದಕ್ಕೆ ಎಂಜಿನ್ ಕಾಣುವುದಿಲ್ಲ. ತಂತಿಯಲ್ಲಿ ಬರುವ ವೋಲ್ಟೇಜ್ ಮಾತ್ರ ಗೊತ್ತು. ಕ್ರ್ಯಾಂಕ್ ಸೆನ್ಸರ್ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಪಿಸ್ಟನ್ ಎಲ್ಲಿದೆ ಅಂತ ಹೇಳುತ್ತದೆ. ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆ, ಅದರ ಒಳಗಿನ ಗಾಳಿಯ ಒತ್ತಡ ಹೇಳುತ್ತದೆ. ಇನ್ನೊಂದು ಸೆನ್ಸರ್ ಒಳಗೆ ಬರುವ ಗಾಳಿಯ ಬಿಸಿ ಹೇಳುತ್ತದೆ. ಈ ಮೂರನ್ನೂ ಇಟ್ಟುಕೊಂಡು ಈ ಸಲ ಸಿಲಿಂಡರಿಗೆ ಎಷ್ಟು ಗಾಳಿ ಹೋಯಿತು ಅಂತ ಇಸಿಎಂ ಲೆಕ್ಕ ಹಾಕುತ್ತದೆ. ಶುದ್ಧ ಪೆಟ್ರೋಲ್ ಆದರೆ 14.7 ಕಿಲೋ ಗಾಳಿಗೆ 1 ಕಿಲೋ ಪೆಟ್ರೋಲ್ ಸರಿಯಾದ ಅಳತೆ. ಅಷ್ಟು ಪೆಟ್ರೋಲ್ ಹೋಗುವಷ್ಟು ಹೊತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುತ್ತದೆ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇದು 2-3 ಮಿಲಿಸೆಕೆಂಡ್ ಅಷ್ಟೇ.

ತಣ್ಣಗಿನ ಎಂಜಿನ್‌ಗೆ ಈ ಲೆಕ್ಕ ಸಾಲದು. ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ. ಒಂದಷ್ಟು ಇನ್‌ಟೇಕ್ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಇಸಿಎಂ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಕಾರ್ಬುರೇಟರ್ ಕಾಲದಲ್ಲಿ ನಾವೇ ಚೋಕ್ ಎಳೆದು ಮಾಡುತ್ತಿದ್ದ ಕೆಲಸ ಇದು. ಚೋಕ್ ಒಳಗೆ ತಳ್ಳುವುದನ್ನು ಮರೆತರೆ ಜೀಪು ಕಪ್ಪು ಹೊಗೆ ಬಿಡುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಈಗ ಆ ನಿರ್ಧಾರ ಎಂಜಿನ್ ನೀರಿನಲ್ಲಿ ಮುಳುಗಿರುವ ಒಂದು ಸಣ್ಣ ಸೆನ್ಸರ್ ಹೇಳಿದಂತೆ ನಡೆಯುತ್ತದೆ. ಅದರೊಳಗೆ ಇರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಮ್ಮಿಯಾಗುವ ಒಂದು ಮಣಿ. 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಇಸಿಎಂ ಅದಕ್ಕೆ 5 ವೋಲ್ಟ್ ಕಳಿಸಿ, ಎಷ್ಟು ಉಳಿಯಿತು ನೋಡಿ ನೀರಿನ ಬಿಸಿ ತಿಳಿದುಕೊಳ್ಳುತ್ತದೆ.

ಪೆಟ್ರೋಲ್ ಜೊತೆಗೆ ಇನ್ನೂ ಹಲವು ವಿಷಯ ಇದೇ ಸೆನ್ಸರ್ ಮೇಲೆ ನಿಂತಿವೆ. ಐಡ್ಲಿಂಗ್ ಎಷ್ಟಿರಬೇಕು, ಕಿಡಿ ಯಾವಾಗ ಹೊಡೆಯಬೇಕು, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ ಎಳೆದುಕೊಳ್ಳಲು ಯಾವಾಗ ಬಿಡಬೇಕು, ರೇಡಿಯೇಟರ್ ಫ್ಯಾನ್ ಯಾವಾಗ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಕ್ಸಿಜನ್ ಸೆನ್ಸರ್ ಮಾತನ್ನು ಯಾವಾಗಿನಿಂದ ಕೇಳಬೇಕು.

ಆಕ್ಸಿಜನ್ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಎಂಜಿನ್ ಕಡೆಗೆ, ಹೊಗೆಯ ವಿಷ ಅನಿಲಗಳನ್ನು ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುತ್ತದೆ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್ ಹತ್ತಿರ, ಉಳಿದಿಲ್ಲದಿದ್ದರೆ 0.9 ವೋಲ್ಟ್ ಹತ್ತಿರ ತೋರಿಸುತ್ತದೆ. ಅದನ್ನು ನೋಡಿ ಇಸಿಎಂ ಪೆಟ್ರೋಲ್ ಒಂಚೂರು ಹೆಚ್ಚಿಸುತ್ತದೆ, ಒಂಚೂರು ಇಳಿಸುತ್ತದೆ. ಓಡುತ್ತಾ ಇರುವಷ್ಟು ಹೊತ್ತೂ ಇದೇ ಆಟ. ಇದಕ್ಕೆ ಕ್ಲೋಸ್ಡ್ ಲೂಪ್ ಅಂತಾರೆ. ಈ ಆಟ ನಡೆದರೇನೇ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಮಾಡುವುದು. ಪೆಟ್ರೋಲ್ ಜಾಸ್ತಿಯಾದರೆ ಅದು ಕಾರ್ಬನ್ ಮೊನಾಕ್ಸೈಡನ್ನು ಸುಡಲಾರದು. ಕಮ್ಮಿಯಾದರೆ ನೈಟ್ರೋಜನ್ ಆಕ್ಸೈಡನ್ನು ಒಡೆಯಲಾರದು. ಸರಿಯಾದ ಅಳತೆಯ ಆಚೀಚೆ ಬಹಳ ಕಿರಿದಾದ ಜಾಗದಲ್ಲಿ ಮಾತ್ರ ಎರಡೂ ಸಾಧ್ಯ.

ಎಂಜಿನ್ ಒಂದು ಮಟ್ಟಕ್ಕೆ ಬಿಸಿಯಾಗುವ ತನಕ ಇಸಿಎಂ ಆಕ್ಸಿಜನ್ ಸೆನ್ಸರನ್ನು ಕೇಳುವುದೇ ಇಲ್ಲ. ತನ್ನಲ್ಲಿ ಬರೆದಿಟ್ಟ ಪಟ್ಟಿ ನೋಡಿ ಪೆಟ್ರೋಲ್ ಬಿಡುತ್ತದೆ. ಇದು ಓಪನ್ ಲೂಪ್. ಆ ಮಟ್ಟ ಎಷ್ಟು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕಾರುಗಳಲ್ಲಿ ತುಂಬಾ ಬೇಗ ಕ್ಲೋಸ್ಡ್ ಲೂಪ್ ಶುರುವಾಗುತ್ತದೆ. ಮೇಷ್ಟ್ರ ಕಾರಿನಲ್ಲಿ ನಾವು ನೋಡಿದ ಹಾಗೆ 60 ಡಿಗ್ರಿ ಹತ್ತಿರ.

ಬೆಳಗಿನ ತಣ್ಣಗಿನ ಎಂಜಿನ್

ಕಾರನ್ನು ರಾತ್ರಿ ನಮ್ಮ ಶೆಡ್ಡಿನಲ್ಲೇ ಬಿಡಿ ಅಂತ ಮೇಷ್ಟ್ರಿಗೆ ಹೇಳಿದೆವು. ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಅಂತ ನೋಡಲು ಇದಕ್ಕಿಂತ ಸುಲಭದ, ಖರ್ಚಿಲ್ಲದ ದಾರಿ ಇಲ್ಲ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ನೀರು, ಒಳಗಿನ ಗಾಳಿ, ಹೊರಗಿನ ಗಾಳಿ ಮೂರೂ ಒಂದೇ ಬಿಸಿಯಲ್ಲಿರಬೇಕು. ಬೆಳಿಗ್ಗೆ ಸ್ಟೀರಿಂಗ್ ಕೆಳಗೆ ಇಸಿಎಂ ಮಾಹಿತಿ ಓದಲು ಇರುವ ಒಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದೆವು. ಗೋಡೆಯ ಥರ್ಮಾಮೀಟರ್ 18 ಡಿಗ್ರಿ. ನೀರಿನ ಸೆನ್ಸರ್ 19. ಗಾಳಿಯ ಸೆನ್ಸರ್ 19. ಮೂರೂ ಒಪ್ಪಿದವು. ಮ್ಯಾಪ್ ಸೆನ್ಸರ್ 88 ಕಿಲೋಪ್ಯಾಸ್ಕಲ್ ತೋರಿಸಿತು. ಸಮುದ್ರ ಮಟ್ಟದಲ್ಲಿ 101 ಇರಬೇಕಾದದ್ದು ಮಡಿಕೇರಿಯ ಎತ್ತರದಲ್ಲಿ ಇಷ್ಟೇ ಇರುತ್ತದೆ. ಅಂದರೆ ಅದೂ ಸರಿ. ಹೊಸಬರು ಈ 88 ನೋಡಿ ಮ್ಯಾಪ್ ಸೆನ್ಸರ್ ಹಾಳಾಗಿದೆ ಅಂದುಕೊಳ್ಳುವುದುಂಟು. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ ಅನ್ನೋದನ್ನು ಮರೆಯಬಾರದು.

ಎಂಜಿನ್ ಸ್ಟಾರ್ಟ್ ಮಾಡಿದೆವು. ಬಾನೆಟ್ ಎತ್ತಿ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪ್ ಮೇಲೆ ಕೈ ಇಟ್ಟುಕೊಂಡು ನಿಂತೆ. ಸರಿಯಾದ ಕಾರಿನಲ್ಲಿ ಈ ಪೈಪ್ ಬಹಳ ಹೊತ್ತು ತಣ್ಣಗೇ ಇರುತ್ತದೆ. ನೀರು ಬಿಸಿಯಾಗುವ ತನಕ ರೇಡಿಯೇಟರಿಗೆ ಹೋಗದಂತೆ ತಡೆಯುವುದು ಥರ್ಮೋಸ್ಟಾಟ್ ವಾಲ್ವ್. ಎಂಜಿನ್ ನೀರು 80 ದಾಟಿದ ಮೇಲೆ ಅದು ತೆರೆದುಕೊಂಡು ಬಿಸಿನೀರು ಒಮ್ಮೆಗೇ ನುಗ್ಗುತ್ತದೆ. ಆಗ ಕೈ ತೆಗೆಯಲೇಬೇಕು. ಈ ಕಾರಿನಲ್ಲಿ ಹಾಗಾಗಲಿಲ್ಲ. ಒಂದೆರಡು ನಿಮಿಷಕ್ಕೇ ಪೈಪ್ ಉಗುರುಬೆಚ್ಚಗಾಯಿತು. ಹತ್ತು ನಿಮಿಷವಾದರೂ ಉಗುರುಬೆಚ್ಚಗೇ ಇತ್ತು. ಕೈ ಇಟ್ಟಲ್ಲೇ ಇಟ್ಟಿದ್ದೆ.

ಅಲ್ಲಿಗೆ ಅರ್ಧ ಗೊತ್ತಾಯಿತು. ಆದರೂ ಬಿಚ್ಚುವ ಮೊದಲು ರಸ್ತೆಯಲ್ಲಿ ನೋಡಬೇಕಿತ್ತು. ಮಳೆ ಬಿಡದೆ ಸುರಿಯುತ್ತಿತ್ತು, ಕೊಡವರ ಕಕ್ಕಡ ತಿಂಗಳ ಮಳೆ. ಮೇಷ್ಟ್ರು ಓಡಿಸಿದರು, ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತೆ. ಮಡಿಕೇರಿ ಪೇಟೆಯೊಳಗೆ ನೀರು 54 ಡಿಗ್ರಿ ತನಕ ಏರಿತು, ಅಲ್ಲೇ ನಿಂತಿತು. ಸ್ಕ್ಯಾನರಿನಲ್ಲಿ ಇಂಧನದ ಸಾಲು ನೋಡಿದರೆ 'ಓಪನ್ ಲೂಪ್, ಎಂಜಿನ್ ಬಿಸಿ ಸಾಲದು' ಅಂತ ಇತ್ತು. ಒಬಿಡಿ ನಿಯಮದಲ್ಲೇ ಇರುವ ಸಾಲು ಅದು, ಅಗ್ಗದ ಸ್ಕ್ಯಾನರುಗಳಲ್ಲೂ ಸಾಮಾನ್ಯವಾಗಿ ಸಿಗುತ್ತದೆ. ಹಿಂದಿನ ಮೂರು ಕಡೆಯೂ ಕೋಡ್ ಓದಿದ್ದರು, ಈ ಸಾಲನ್ನು ಮಾತ್ರ ಯಾರೂ ತೆರೆದಿರಲಿಲ್ಲ. ಐಡ್ಲಿಂಗ್ ನಿಮಿಷಕ್ಕೆ 1150 ಸುತ್ತು, ಇರಬೇಕಾದದ್ದು 750 ಸುಮಾರು.

ಮದೆನಾಡಿನ ಕಡೆಗೆ ಇಳಿಯತೊಡಗಿದೆವು. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದ ಮೇಲೆ ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಯಾರೂ ಅವಸರ ಮಾಡುವುದಿಲ್ಲ. ಮೇಷ್ಟ್ರು ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನಿಧಾನ ಇಳಿಸಿದರು. ಆಗ ಇಂಜೆಕ್ಟರ್ ಲೆಕ್ಕ ಸೊನ್ನೆಗೆ ಬಂತು. ಗೇರಿನಲ್ಲಿರುವ ಕಾರು ಇಳಿಜಾರಿನಲ್ಲಿ ತಾನೇ ಎಂಜಿನ್ ತಿರುಗಿಸುತ್ತದೆ ಅಂತ ಇಸಿಎಂಗೆ ಗೊತ್ತು, ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದ ಹಾಗೆ ನೋಡಿಕೊಳ್ಳಲು ಪೆಟ್ರೋಲ್ ಹೋಗುತ್ತಲೇ ಇರುತ್ತದೆ, ಬ್ರೇಕ್ ಕಾಯುವುದು ಬೇರೆ. ಗೇರಿನಲ್ಲಿ ಇಳಿದರೆ ಎರಡೂ ಉಳಿಯುತ್ತವೆ.

ಬೆಂಕಿ ಇಲ್ಲದ ಎಂಜಿನ್‌ಗೆ ಬಿಸಿ ಎಲ್ಲಿಂದ ಬರಬೇಕು? ರೇಡಿಯೇಟರಿಗೆ ಮಾತ್ರ ಮಳೆಗಾಳಿ ಬಡಿಯುತ್ತಲೇ ಇತ್ತು. ನೀರು 54ರಿಂದ 41ಕ್ಕೆ ಇಳಿಯಿತು. ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ಹತ್ತಿತು. ಈ ಕಾರಿನಲ್ಲಿ ಬಿಸಿ ತೋರಿಸುವ ಮುಳ್ಳಿಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಅತಿ ಬಿಸಿಯಾದರೆ ಕೆಂಪು ದೀಪ, ಅಷ್ಟೇ.

"ಮೇಷ್ಟ್ರೇ, ಈ ನೀಲಿ ದೀಪ ಎಷ್ಟು ದಿನದಿಂದ ಹೀಗೆ?" ಅಂತ ಕೇಳಿದೆ.

"ಮಳೆಗಾಲ ಅಲ್ವಾ, ಚಳಿಗೆ ಹತ್ತುತ್ತದೆ ಅಂದುಕೊಂಡೆ" ಅಂದರು.

ತಪ್ಪೇನಿಲ್ಲ. ಕೊಡಗಿನ ಚಳಿಗೆ ಹೊರಿಸಿಬಿಟ್ಟ ಕಾಯಿಲೆಗಳು ಮನುಷ್ಯರಲ್ಲೂ ಬೇಕಾದಷ್ಟಿವೆ.

ಎಥನಾಲ್ ಮೇಲಿನ ಅನುಮಾನ

ನಡುವೆ ಒಂದು ವಿಷಯ ಮುಗಿಸಬೇಕು. ಮೈಲೇಜ್ ಬಿದ್ದಿದೆ ಅಂತ ಯಾರ ಹತ್ತಿರ ಹೇಳಿದರೂ ಆ ವರ್ಷ ಸಿಗುತ್ತಿದ್ದ ಉತ್ತರ ಒಂದೇ, ಶೇ 20 ಎಥನಾಲ್ ಸೇರಿಸಿದ ಪೆಟ್ರೋಲ್. ಮೇಷ್ಟ್ರಿಗೂ ಎಲ್ಲರೂ ಅದನ್ನೇ ಹೇಳಿದ್ದರು. ಎಥನಾಲ್‌ನಿಂದ ಮೈಲೇಜ್ ಬೀಳುವುದು ನಿಜ. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ ಶಕ್ತಿ ಇದೆ. ಐದನೇ ಒಂದು ಭಾಗ ಎಥನಾಲ್ ಸೇರಿಸಿದರೆ ಒಟ್ಟು ಶಕ್ತಿ ಶೇ 6-7ರಷ್ಟು ಕಮ್ಮಿ. ಅದೂ ಎಥನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ. ಈ ಲೆಕ್ಕದಲ್ಲಿ 17 ಇದ್ದದ್ದು 16ರ ಹತ್ತಿರ ಬರಬೇಕು. 11ಕ್ಕೆ ಬರುವುದಿಲ್ಲ.

ಎಥನಾಲಿಗೆ ಗಾಳಿಯೂ ಕಮ್ಮಿ ಸಾಕು. ಹಾಗಾಗಿ ಶೇ 20 ಮಿಶ್ರಣಕ್ಕೆ 14.7 ಬದಲು 13.5 ಸುಮಾರು ಕಿಲೋ ಗಾಳಿ. ಇಸಿಎಂಗೆ ಟ್ಯಾಂಕಿನಲ್ಲಿ ಏನಿದೆ ಅಂತ ಗೊತ್ತಿಲ್ಲ. ಆಕ್ಸಿಜನ್ ಸೆನ್ಸರ್ ಉಳಿದ ಗಾಳಿ ತೋರಿಸಿದಾಗ ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದು ಸರಿದೂಗಿಸುತ್ತದೆ. ಈ ತಿದ್ದುಪಡಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಅಂತ ಬರುವುದು ಅದೇ. ಮೇಷ್ಟ್ರ ಕಾರಿನಲ್ಲಿ ಆ ಟ್ರಿಮ್ ಪ್ಲಸ್ 4 ಇತ್ತು. ಎಥನಾಲಿನ ಪಾಲು ಅಷ್ಟೇ ಅಂತ ಇಟ್ಟುಕೊಳ್ಳಬಹುದು. ಉಳಿದ ಪೆಟ್ರೋಲ್ ಹೋಗುತ್ತಿದ್ದದ್ದು ಓಪನ್ ಲೂಪಿನಲ್ಲಿ, ಯಾವ ಟ್ರಿಮ್ ಲೆಕ್ಕಕ್ಕೂ ಸಿಗದೆ.

ರಟ್ಟಿನ ತುಂಡು

ಶೆಡ್ಡಿಗೆ ವಾಪಸ್ ಬಂದು ಒಂದು ರಟ್ಟಿನ ಪೆಟ್ಟಿಗೆ ಹರಿದು, ರೇಡಿಯೇಟರ್ ಮುಂದೆ ಮುಕ್ಕಾಲು ಭಾಗ ಮುಚ್ಚುವ ಹಾಗೆ ಕಟ್ಟಿದೆವು. ಪರೀಕ್ಷೆಗೆ ಮಾತ್ರ, ಸ್ಕ್ಯಾನರ್ ಮೇಲೆ ಕಣ್ಣಿಟ್ಟುಕೊಂಡು. ರಟ್ಟು ಕಟ್ಟಿ ಯಾರೂ ಊರಿಗೆ ಹೊರಡಬೇಡಿ. ಮತ್ತೆ ಪೇಟೆ ಸುತ್ತಿದೆವು. ನೀರು 60 ದಾಟುತ್ತಿದ್ದ ಹಾಗೆ ಸ್ಕ್ಯಾನರಿನ ಸಾಲು ಕ್ಲೋಸ್ಡ್ ಲೂಪಿಗೆ ಬದಲಾಯಿತು. ಆಕ್ಸಿಜನ್ ಸೆನ್ಸರ್ 0.1ಕ್ಕೂ 0.9ಕ್ಕೂ ಚುರುಕಾಗಿ ಓಡಾಡತೊಡಗಿತು. 75 ಆಗುವಾಗ ಐಡ್ಲಿಂಗ್ 800ಕ್ಕೆ ಇಳಿದಿತ್ತು. ಪೆಟ್ರೋಲ್ ವಾಸನೆ ಇಲ್ಲ. ಒಂದು ರಟ್ಟಿನ ತುಂಡು ಕಾರನ್ನು ಸರಿ ಮಾಡಿತ್ತು!

ಇದರಿಂದ ತಿಳಿದದ್ದು ಇಷ್ಟು. ನೀರಿನ ಸೆನ್ಸರ್ ಸರಿ ಇದೆ, ಆಕ್ಸಿಜನ್ ಸೆನ್ಸರ್ ಸರಿ ಇದೆ, ಇಸಿಎಂ ಸರಿ ಇದೆ. ಎಂಜಿನ್ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತಿದ್ದದ್ದು ನಿಜವೇ. ಅದನ್ನು ನಂಬಿ ಇಸಿಎಂ ಜಾಸ್ತಿ ಪೆಟ್ರೋಲ್ ಬಿಟ್ಟದ್ದೂ ಸರಿಯೇ. ಪಿ 0128 ಕೂಡ ಇದನ್ನೇ ಹೇಳಿತ್ತು. ಬಿಸಿ ಆಗಿಲ್ಲ ಅಂತ ಕೋಡ್ ಹೇಳಿದರೆ, ಬಿಸಿ ಆಗಿದೆ, ನಿನ್ನ ಸೆನ್ಸರ್ ಸರಿಯಿಲ್ಲ ಅಂತ ನಾವು ಅದರ ಜೊತೆ ವಾದಕ್ಕಿಳಿದೆವು. ಗ್ಯಾರೇಜುಗಳಲ್ಲಿ ಇದು ಮಾಮೂಲಿ. ಕೋಡಿನಲ್ಲಿ ಯಾವ ಸೆನ್ಸರಿನ ಸುದ್ದಿ ಬಂತೋ ಅದನ್ನೇ ಬದಲಾಯಿಸುವುದು. ಸುದ್ದಿ ತಂದವನನ್ನು ಹೊಡೆಯುವ ಈ ಅಭ್ಯಾಸದಿಂದ ಬಿಡಿಭಾಗದ ಅಂಗಡಿಗಳಿಗೆ ಮಾತ್ರ ಲಾಭ.

ಮಸಿ ಹಿಡಿದ ಪ್ಲಗ್‌ಗೂ ಆಕ್ಸಿಜನ್ ಸೆನ್ಸರಿಗೂ ಕಾರಣ ಇದೇ ಜಾಸ್ತಿ ಪೆಟ್ರೋಲ್. ಆಯಿಲ್ ಮುಚ್ಚಳದ ಲೋಳೆಗೂ ಹೆಡ್ ಗ್ಯಾಸ್ಕೆಟ್‌ಗೂ ಸಂಬಂಧ ಇರಲಿಲ್ಲ. ಪೆಟ್ರೋಲ್ ಸುಟ್ಟಾಗ ನೀರಿನ ಆವಿ ಆಗುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ಸಂದಿಯಿಂದ ಕೆಳಗೆ ಆಯಿಲ್‌ಗೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ದಿನಾ ನಾಲ್ಕು ಕಿಲೋಮೀಟರ್ ಓಡಿ, 50-55 ಡಿಗ್ರಿ ದಾಟದ ಎಂಜಿನ್‌ನಲ್ಲಿ ಅದು ತಣ್ಣಗಿನ ಮುಚ್ಚಳಕ್ಕೆ ತಗುಲಿ ಆಯಿಲ್ ಜೊತೆ ಕಲಸಿಕೊಂಡು ಕೂರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಮೇಲಿತ್ತು. ಮೂಸಿದರೆ ಪೆಟ್ರೋಲ್. ಸಿಲಿಂಡರ್ ಗೋಡೆಗೆ ಅಂಟಿದ ಪೆಟ್ರೋಲ್ ಇಳಿದು ಆಯಿಲ್ ಸೇರಿತ್ತು. ನಿಜಕ್ಕೂ ಎಂಜಿನ್ ಹಾಳು ಮಾಡುವುದು ಇದು, ತೆಳ್ಳಗಾದ ಆಯಿಲ್. ಇನ್ನೊಂದು ಮಳೆಗಾಲ ಹೀಗೇ ಓಡಿದ್ದರೆ ಹೆಡ್ ಗ್ಯಾಸ್ಕೆಟ್ ಅಂದವರ ಅಂದಾಜು ಖರ್ಚನ್ನು ಬೇರೆ ಕಾರಣಕ್ಕೆ ಕೊಡಬೇಕಾಗುತ್ತಿತ್ತು.

ಥರ್ಮೋಸ್ಟಾಟ್ ಕೂರುವ ಗೂಡಿನ ಎರಡು ಬೋಲ್ಟ್ ಬಿಚ್ಚಿದೆವು. ಒಳಗೆ ವಾಲ್ವ್ ಇರಲಿಲ್ಲ. ಖಾಲಿ. ಅದರ ರಬ್ಬರ್ ರಿಂಗ್ ಒಂದನ್ನು ಕೂರಿಸಿ, ಸುತ್ತ ಗ್ಯಾಸ್ಕೆಟ್ ಪೇಸ್ಟ್ ಬಳಿದು ಮುಚ್ಚಿದ್ದರು. ಒಳಗಿನಿಂದ ಬಂದ ನೀರು ತುಕ್ಕಿನ ಬಣ್ಣದ್ದು. ಎಂಜಿನ್ ತಣಿಸಲು ಹಾಕಬೇಕಾದ ಕೂಲಂಟ್ ದ್ರವ ಅಲ್ಲ, ನಲ್ಲಿ ನೀರು.

ವಾಲ್ವ್ ಹೋದದ್ದು ಯಾವಾಗ?

ಮೇಷ್ಟ್ರು ಪೆಟ್ರೋಲ್ ಹಾಕಿಸಿದ ಪ್ರತಿ ಸಲವೂ ಕಿಲೋಮೀಟರ್, ಲೀಟರ್, ಖರ್ಚು ಬರೆದಿಡುವವರು. ಹಾಜರಿ ಪುಸ್ತಕ ಬರೆದ ಕೈ. ಗ್ಲೋವ್ ಬಾಕ್ಸಿನಲ್ಲಿದ್ದ ಆ ಪುಸ್ತಕ ನಮಗೆ ಸ್ಕ್ಯಾನರಿನಷ್ಟೇ ಉಪಯೋಗಕ್ಕೆ ಬಂತು. ಮಾರ್ಚ್ ತನಕ 17. ಏಪ್ರಿಲ್ ನಂತರ 15. ಜೂನ್ ನಂತರ 12, 11. ಏಪ್ರಿಲ್ ಪುಟದಲ್ಲಿ ಒಂದು ಸಾಲು: 'ಕೊಯನಾಡು ಹತ್ತಿರ ಕೆಂಪು ದೀಪ. ವಾಲ್ವ್ ಸರಿಪಡಿಸಿದ್ದು. ನೀರು ತುಂಬಿಸಿದ್ದು.'

ಆ ದಿನ ಪುತ್ತೂರಿನಿಂದ ವಾಪಸ್ ಬರುವಾಗ ಘಾಟಿಯಲ್ಲಿ ಮರದ ಲಾರಿ ಹಿಂದೆ ಸಿಕ್ಕಿಕೊಂಡು ಒಂದನೇ ಎರಡನೇ ಗೇರಿನಲ್ಲೇ ಹತ್ತಿದ್ದರಂತೆ. ಕೆಂಪು ದೀಪ ಬಂತು. ಪರಿಚಯದ ಮೆಕ್ಯಾನಿಕ್ ಒಬ್ಬರು ಬಂದು, ವಾಲ್ವ್ ಕಚ್ಚಿಕೊಂಡಿದೆ ಅಂತ ತೆಗೆದು ನೀರು ತುಂಬಿಸಿ ಕಳಿಸಿದರು. ಆಮೇಲೆ ಕೆಂಪು ದೀಪ ಬಂದಿಲ್ಲ. ಬರುವುದಾದರೂ ಹೇಗೆ? ಎಂಜಿನ್ ನೀರು ಯಾವಾಗಲೂ ರೇಡಿಯೇಟರಿಗೆ ಸುತ್ತುತ್ತಲೇ ಇತ್ತು. ಮಳೆಗಾಲದ ಬಚ್ಚಲಲ್ಲಿ ಮುಚ್ಚಳ ಇಲ್ಲದ ಹಂಡೆಗೆ ಎಷ್ಟು ಸೌದೆ ಹಾಕಿದರೂ ನೀರು ಕಾಯದ ಹಾಗೆ.

ಥರ್ಮೋಸ್ಟಾಟ್ ತೆಗೆದುಬಿಡುವುದು ಘಾಟಿ ಕಡೆಯ ಹಳೇ ಪದ್ಧತಿ. ಕಾರ್ಬುರೇಟರ್ ಜೀಪು, ಹಳೇ ಡೀಸೆಲ್ ಲಾರಿಗಳ ಕಾಲದಲ್ಲಿ ಇದರಿಂದ ಕಣ್ಣಿಗೆ ಕಾಣುವ ನಷ್ಟ ಇರಲಿಲ್ಲ. ಆ ಎಂಜಿನ್‌ಗಳು ನೀರಿನ ಬಿಸಿ ನೋಡಿ ಪೆಟ್ರೋಲ್ ಅಳೆಯುತ್ತಿರಲಿಲ್ಲ. ಘಾಟಿಯ ನಡುವೆ, ಮಳೆಯಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಿಂತವರನ್ನು ಮನೆ ಮುಟ್ಟಿಸಲು ವಾಲ್ವ್ ತೆಗೆದವರನ್ನು ನಾನು ಬೈಯುವುದಿಲ್ಲ. ಮನೆ ಮುಟ್ಟಿದ ಮೇಲೆ ಹೊಸದು ಹಾಕಿಸಿ ಅಂತ ಹೇಳಿ ಕಳಿಸಬೇಕಿತ್ತು, ಅಷ್ಟೇ.

ಹೊಸ ವಾಲ್ವ್ ತರಿಸಿದೆವು. ಬೆಲೆ ಕೆಲವು ನೂರು ರೂಪಾಯಿ. ಅದರ ಮೇಲೆ 82 ಅಂತ ಅಚ್ಚಿತ್ತು, ತೆರೆಯಲು ಶುರುವಾಗುವ ಡಿಗ್ರಿ. ಹಾಕುವ ಮೊದಲು ಪಾತ್ರೆಯಲ್ಲಿ ನೀರಿಟ್ಟು ಕಾಯಿಸಿ, ದಾರದಲ್ಲಿ ಇಳಿಬಿಟ್ಟು ನೋಡಿದೆವು. ಒಳಗಿನ ಮೇಣ ಕರಗಿ ಹಿಗ್ಗಿದಾಗ ತಟ್ಟೆ ಮೇಲೇಳುತ್ತದೆ. ಥರ್ಮಾಮೀಟರ್ 82-83 ತೋರಿಸುವಾಗ ಸಣ್ಣ ಬಿರುಕು ಕಂಡಿತು. ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿತ್ತು. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಇಲ್ಲಿ ಈ ಪರೀಕ್ಷೆಗೆ ಅದಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ. ಆಯಿಲ್, ಫಿಲ್ಟರ್ ಬದಲಾಯಿಸಿ, ರೇಡಿಯೇಟರ್ ತೊಳೆದು ಅರ್ಧ ಕೂಲಂಟ್ ಅರ್ಧ ಶುದ್ಧ ನೀರು ತುಂಬಿಸಿದೆವು.

ಮತ್ತೆ ಘಾಟಿ

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಏಪ್ರಿಲ್‌ನಲ್ಲಿ ಕೆಂಪು ದೀಪ ಯಾಕೆ ಬಂತು ಅನ್ನೋದಕ್ಕೆ ಉತ್ತರ ಇನ್ನೂ ಸಿಕ್ಕಿರಲಿಲ್ಲ. ವಾಲ್ವ್ ಇಲ್ಲದ್ದರಿಂದ ಆ ಕಾಯಿಲೆ ಮುಚ್ಚಿಹೋಗಿತ್ತು. ವಾಲ್ವ್ ವಾಪಸ್ ಹಾಕಿದ ಮೇಲೆ ಅದು ಮತ್ತೆ ಏಳಬೇಕು.

ಸಂಪಾಜೆ ತನಕ ಇಳಿದು, ಹತ್ತಲು ಶುರು ಮಾಡಿದೆವು. ನೀರು 88ರಲ್ಲಿ ನಿಂತು, ಕೊಯನಾಡು ದಾಟಿದ ಮೇಲೆ 96ಕ್ಕೆ ಏರಿತು. ಫ್ಯಾನ್ ಓಡಿತು. ಕ್ಲೋಸ್ಡ್ ಲೂಪ್. ಎಲ್ಲ ಸರಿ. ಮಡಿಕೇರಿಗೆ ಬಂದು ಎಂಜಿನ್ ಪೂರ್ತಿ ಆರುವ ತನಕ ಬಿಟ್ಟು ರೇಡಿಯೇಟರ್ ಮುಚ್ಚಳ ತೆಗೆದೆವು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಬಾಯಿ ತನಕ ಇದೆ. ರೇಡಿಯೇಟರ್ ಮಾತ್ರ ಒಂದು ಬೆರಳಿನಷ್ಟು ಖಾಲಿ.

ಬಿಸಿಯಾದಾಗ ಕೂಲಂಟ್ ಹಿಗ್ಗಿ ಮುಚ್ಚಳದ ಸ್ಪ್ರಿಂಗ್ ತಳ್ಳಿಕೊಂಡು ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ಮುಚ್ಚಳದ ನಡುವಿನ ಪುಟ್ಟ ವಾಲ್ವ್ ಮೂಲಕ ವಾಪಸ್ ಬರಬೇಕು. ಮುಚ್ಚಳ ತಿರುಗಿಸಿ ನೋಡಿದರೆ ಆ ಪುಟ್ಟ ವಾಲ್ವಿನ ರಬ್ಬರ್ ಗಟ್ಟಿಯಾಗಿ ಒಡೆದಿತ್ತು. ಹೋದದ್ದು ವಾಪಸ್ ಬರುತ್ತಿರಲಿಲ್ಲ. ಪ್ರತಿ ಘಾಟಿಗೂ ಸ್ವಲ್ಪ ಸ್ವಲ್ಪ ಹೊರಗೆ, ಡಬ್ಬಿ ತುಂಬಿದ ಮೇಲೆ ರಸ್ತೆಗೆ. ಡಬ್ಬಿ ತುಂಬಿರುವುದು ಕಂಡು ಮೇಷ್ಟ್ರು ನಿಶ್ಚಿಂತೆಯಾಗಿದ್ದರು.

ಇಡೀ ಪ್ರಕರಣದಲ್ಲಿ ಸೆನ್ಸರ್ ದಾರಿ ತಪ್ಪಿಸಿರಬಹುದಾದ ಸಂದರ್ಭ ಇದೊಂದೇ. ನೀರಿನ ಮಟ್ಟ ಇಳಿದಾಗ ಸೆನ್ಸರ್ ನೀರಿನಲ್ಲಿ ಮುಳುಗಿರದೆ ಆವಿಯಲ್ಲಿ ನಿಂತಿರುತ್ತದೆ. ಆಗ ಅದು ಲೋಹದ ನಿಜವಾದ ಬಿಸಿಯನ್ನು ಸರಿಯಾಗಿ ಹೇಳಲಾರದು. ಫ್ಯಾನ್ ಹಾಕುವುದು ತಡವಾಗುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಶಬ್ದವೇ ಕೇಳಲಿಲ್ಲ ಅಂತ ಮೇಷ್ಟ್ರಿಗೆ ನೆನಪಿತ್ತು. ಮುಚ್ಚಳ ಹೊಸದು ಹಾಕಿದೆವು, ಹಳೆಯದರ ಮೇಲೆ ಎಷ್ಟು ಒತ್ತಡದ ಗುರುತಿತ್ತೋ ಅಷ್ಟರದ್ದೇ.

ಮುಂದಿನ ವಾರ ಎಮಿಷನ್ ಟೆಸ್ಟಿಗೆ ಹೋಗುವಾಗ ಒಂದೇ ಮಾತು ಹೇಳಿ ಕಳಿಸಿದೆವು. ಮೂರ್ನಾಡಿನಿಂದ ನೇರ ಓಡಿಸಿಕೊಂಡು ಹೋಗಿ, ಎಂಜಿನ್ ಆರಿಸದೆ ಸಾಲಿನಲ್ಲಿ ನಿಲ್ಲಿ. ಕ್ಯಾಟಲಿಟಿಕ್ ಕನ್ವರ್ಟರ್ 250-300 ಡಿಗ್ರಿಗಿಂತ ತಣ್ಣಗಿದ್ದರೆ ಒಳ್ಳೇ ಕಾರೂ ಫೇಲಾಗಬಹುದು. ಕಾರ್ಬನ್ ಮೊನಾಕ್ಸೈಡ್ ಶೇ 0.08 ಬಂತು, ಹೈಡ್ರೋಕಾರ್ಬನ್ 60. ಪುಸ್ತಕದಲ್ಲಿ ಮೈಲೇಜ್ 16 ಅಂತ ಬರೆದಿದ್ದಾರೆ. ಪಿ 0128 ಮತ್ತೆ ಬಂದಿಲ್ಲ.

ಒಂದು ವಿಷಯ ಮಾತ್ರ ಬಾಕಿ ಇದೆ. ನಾಲ್ಕೈದು ತಿಂಗಳು ಮಸಿ ಕುಡಿದ ಕ್ಯಾಟಲಿಟಿಕ್ ಕನ್ವರ್ಟರ್ ಎಷ್ಟು ಬಾಳುತ್ತದೆ ಅನ್ನೋದು. ಅದರ ಹಿಂದೆ ಇನ್ನೊಂದು ಆಕ್ಸಿಜನ್ ಸೆನ್ಸರ್ ಇದೆ. ಮುಂದಿನದು ಕುಣಿಯುವಾಗ ಹಿಂದಿನದು ಹೆಚ್ಚು ಕಮ್ಮಿ ಒಂದೇ ಕಡೆ ನಿಂತಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಈಗ 0.7ರ ಹತ್ತಿರ ನಿಂತಿದೆ. ಅದೂ ಕುಣಿಯಲು ಶುರು ಮಾಡಿದರೆ, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ 0420 ಕೋಡ್ ಬರುತ್ತದೆ. ಆಗಲೂ ಮೊದಲು ಇಲ್ಲಿಗೆ ಬನ್ನಿ, ಸೆನ್ಸರ್ ಬದಲಾಯಿಸಿಕೊಂಡು ಬರಬೇಡಿ ಅಂತ ಮೇಷ್ಟ್ರಿಗೆ ಹೇಳಿದ್ದೇವೆ. ಕೋಡ್ ನಂಬರನ್ನು ಪುಸ್ತಕದ ಕೊನೇ ಪುಟದಲ್ಲಿ ಬರೆದುಕೊಂಡಿದ್ದಾರೆ.